ಅಂಕಕ್ಕಾಗಿ ನಕ್ಕ ನಗು

ಅವನು ಸಿಐಡಿ ಎಂದು ಮೊದಲು ಹೇಳಿದ್ದು ನಾನಲ್ಲ, ಬಿಲ್ಲಿಂಗ್ ಅಕ್ಕ. ಆದರೆ ಕೇಳಿದ ಕೂಡಲೇ ನಂಬಿದವಳು ನಾನೇ.

ನಮ್ಮ ಬಟ್ಟೆ ಅಂಗಡಿಗೆ ಐವತ್ತೆರಡು ವರ್ಷ. ಮುಖ್ಯರಸ್ತೆಯಲ್ಲಿ ದಾರಿ ಹೇಳುವವರೆಲ್ಲ ನಮ್ಮ ಬೋರ್ಡನ್ನೇ ಗುರುತಾಗಿಟ್ಟುಕೊಂಡು ಎಡಕ್ಕೆ, ಬಲಕ್ಕೆ ಎನ್ನುತ್ತಿದ್ದರು. ಅದೇ ಬೋರ್ಡಿನ ಇನ್ನೂ ಮೂವತ್ತು ಅಂಗಡಿಗಳು ಬೇರೆ ಊರುಗಳಲ್ಲಿದ್ದವು. ಹೆಡ್ ಆಫೀಸಿನವರು ಗಿರಾಕಿಯ ವೇಷದಲ್ಲಿ ಯಾರನ್ನೋ ಕಳಿಸುತ್ತಾರೆ, ಅವರು ಗುಟ್ಟಾಗಿ ಅಂಕ ಹಾಕುತ್ತಾರೆ, ಅಂಕ ಕಡಿಮೆಯಾದ ಅಂಗಡಿಗೆ ಬೀಗ ಬೀಳುತ್ತದೆ ಎಂದು ಮ್ಯಾನೇಜರ್ ಪ್ರತಿ ಸೋಮವಾರ ಹೆದರಿಸುತ್ತಿದ್ದರು. ನಗುಮುಖಕ್ಕೆ ಹತ್ತು ಅಂಕ. ಮಾರಿದ್ದನ್ನು ಮುಖ ಸಿಂಡರಿಸದೆ ವಾಪಸ್ ತೆಗೆದುಕೊಂಡರೆ ಇಪ್ಪತ್ತು.

ನನಗೋ ಮೂಗಿನ ತುದಿಯಲ್ಲೇ ಕೋಪ. ಗಂಡಸರ ಅಂಗಿಗಳ ವಿಭಾಗದಲ್ಲಿ ಹನ್ನೊಂದು ವರ್ಷ ನಿಂತವಳ ಹತ್ತಿರ ನಗು ಅಷ್ಟು ಸುಲಭವಾಗಿ ಸಿಗುವ ಸರಕಲ್ಲ.

ಅವನು ಮೊದಲ ಸಲ ಬಂದಾಗ ತಿಳಿನೀಲಿ ಅಂಗಿ ಕೊಂಡ. ಮೂರೇ ದಿನಕ್ಕೆ ಅದನ್ನು ಹಿಡಿದು ಬಂದ.

"ತೋಳು ಉದ್ದ ಆಯ್ತು."

ಚಿಕ್ಕ ಸೈಜ್ ಕೊಟ್ಟೆ. ಟ್ರಯಲ್ ರೂಮಿಗೆ ಹೋಗಿ ಹೊರಗೆ ಬಂದವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡ. ವಾರ ಕಳೆಯುವುದರೊಳಗೆ ಮತ್ತೆ ಹಾಜರು.

"ಇದು ಗಿಡ್ಡ ಆಯ್ತು."

ಬಿಲ್ಲನ್ನು ಎರಡೆರಡು ಸಲ ಓದುತ್ತಿದ್ದ. ಓರೆಯಾಗಿ ತೂಗುತ್ತಿದ್ದ ಹ್ಯಾಂಗರನ್ನು ಬೆರಳ ತುದಿಯಿಂದ ನೇರ ಮಾಡಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಇದಕ್ಕಿಂತ ಸಾಕ್ಷಿ ಬೇಕೇ?

"ಮತ್ತೆ ಮತ್ತೆ ತೊಂದ್ರೆ ಕೊಡ್ತಿದೀನಿ," ಎಂದ ಒಂದು ದಿನ.

"ತೊಂದ್ರೆ ಏನು ಬಂತು ಸರ್. ನೀವು ಬಂದ್ರೆ ನಮಗೂ ಖುಷಿ."

ಈ ಬೆಣ್ಣೆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಬಿಲ್ಲಿಂಗ್ ಅಕ್ಕನಿಗೆ ಕೆಮ್ಮು ಹತ್ತಿತು. ಅವನ ಕಿವಿಗಳು ಮಾತ್ರ ಕೆಂಪಾದವು. ಅಂಕ ಹಾಕುವವನ ಕಿವಿ ಯಾಕೆ ಕೆಂಪಾಗಬೇಕು, ಒಬ್ಬನನ್ನೇ ಇಷ್ಟು ಸಲ ಯಾರಾದರೂ ಕಳಿಸುತ್ತಾರೆಯೇ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಯೋಚಿಸುವುದು ನನಗೇ ಬೇಡವಾಗಿತ್ತೋ ಏನೋ.

ಆರು ತಿಂಗಳು ಹೀಗೇ ನಡೆಯಿತು. ಅವನು ಬಾರದ ವಾರ ಮಡಿಸಿದ್ದ ಅಂಗಿಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ.

"ಏನೇ, ಬಾಗಿಲಿಗೇ ಕಣ್ಣು ಅಂಟಿಸ್ಕೊಂಡಿದೀಯ?" ಎಂದಳು ಬಿಲ್ಲಿಂಗ್ ಅಕ್ಕ.

"ಸಿಐಡಿ ಬರ್ಲಿಲ್ವಲ್ಲ ಅಂತ."

"ಅಂಕಕ್ಕೆ ಯಾರಾದ್ರೂ ಹೊಸ ಓಲೆ ಹಾಕ್ಕೊಂಡು ಬರ್ತಾರೇನೇ?"

"ಹಳೇದು ಕಳೆದುಹೋಯ್ತು," ಎಂದೆ. ಕಳೆದಿರಲಿಲ್ಲ.

ಆಮೇಲೆ ಹೆಡ್ ಆಫೀಸಿನಿಂದ ಕಾಗದ ಬಂತು. ನಮ್ಮದೊಂದೇ ಅಲ್ಲ, ಎಲ್ಲ ಅಂಗಡಿಗಳನ್ನೂ ಒಂದೇ ಏಟಿಗೆ ಮುಚ್ಚುತ್ತಾರಂತೆ. ನಮಗೆ ಮೂರು ವಾರ ಟೈಮು. ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ ಕ್ಲೋಸಿಂಗ್ ಸೇಲ್ ಎಂದು ಬಿತ್ತು. ಅದರ ಕೆಳಗೆ, ಮಾರಿದ್ದನ್ನು ವಾಪಸ್ ಪಡೆಯುವುದಿಲ್ಲ.

ಮರುದಿನವೇ ಅವನು ಬಂದ, ಕೈಯಲ್ಲಿ ಅಂಗಿ ಬೇರೆ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಇನ್ನೂ ಯಾಕ್ರೀ ಬಂದ್ರಿ? ಬರ್ಕೊಂಡಿದ್ದು ಸಾಲ್ದೇನು? ಆರು ತಿಂಗಳು ಹಲ್ಲು ಕಿರಿದೂ ಕಿರಿದೂ ದವಡೆ ನೋವು ಬಂತು ನಂಗೆ. ಎಷ್ಟು ಅಂಕ ಕೊಟ್ರಿ, ಅದನ್ನಾದ್ರೂ ಹೇಳಿ ಹೋಗಿ."

ಅವನು ಪಿಳಿಪಿಳಿ ನೋಡಿದ. "ಯಾವ ಅಂಕ?"

"ನಾಟಕ ಬೇಡ. ನೀವು ಹೆಡ್ ಆಫೀಸಿನವರು ಅಂತ ಎಲ್ರಿಗೂ ಗೊತ್ತು."

ಅವನು ಪುಟ್ಟ ಪುಸ್ತಕವನ್ನು ತೆರೆದು ನನ್ನ ಮುಂದಿಟ್ಟ. ಹಾಳೆಯ ತುಂಬ ತೋಳಿನ ಅಳತೆಗಳು. ಬಲಕ್ಕೆ ಒಂದು, ಎಡಕ್ಕೆ ಒಂದು.

"ಚಿಕ್ಕವನಿದ್ದಾಗ ಮರದಿಂದ ಬಿದ್ದೆ. ಎಡಗೈ ಒಂದೂವರೆ ಇಂಚು ಗಿಡ್ಡ," ಎಂದ. "ನಾನು ತಕ್ಕಡಿ ರಿಪೇರಿ ಮಾಡೋನು. ಹಿಂದಿನ ಬೀದಿಲಿ ಅಂಗಡಿ ಇದೆ. ಎರಡೂ ಕಡೆ ಸಮ ಇಲ್ದಿದ್ರೆ ನಂಗೆ ಸಮಾಧಾನ ಇರಲ್ಲ."

ಎರಡು ಸಾಲು ಅಳತೆಗಳನ್ನು ಬೆರಳಿಟ್ಟು ಓದಿದೆ.

"ಹಾಗಾದ್ರೆ ನೀವು ನಕ್ಕಿದ್ದು..." ಎಂದ ಅವನು.

ಸುಳ್ಳು ಹೇಳಬಹುದಿತ್ತು. ಹಾಳು ಬಾಯಿ ಕೇಳಬೇಕಲ್ಲ. "ಅಂಕಕ್ಕೆ," ಎಂದೆ.

ಅವನು ಪುಸ್ತಕ ಮುಚ್ಚಿದ. "ಎರಡನೇ ಸಲದಿಂದಾಚೆ ನಾನು ತೋಳಿಗೋಸ್ಕರ ಬರ್ಲಿಲ್ಲ. ಯಾವ ಟೈಲರ್ ಆದ್ರೂ ಅರ್ಧ ಗಂಟೆಲಿ ಸರಿ ಮಾಡ್ಕೊಡ್ತಿದ್ದ. ನೀವು ಖುಷಿ ಆಗತ್ತೆ ಅಂದ್ರಿ. ನಿಜ ಅಂದ್ಕೊಂಡೆ."

ಅಂಗಿಯನ್ನು ಕೌಂಟರಿನ ಮೇಲೇ ಬಿಟ್ಟು ಹೊರಟುಹೋದ. ಅವನ ಹಿಂದೆ ಓಡಬೇಕೆನಿಸಿತು. ಓಡಿ ಏನು ಹೇಳುವುದು? ಅದು ಸುಳ್ಳು, ಇದು ನಿಜ ಎಂದರೆ ಯಾವನು ನಂಬುತ್ತಾನೆ? ನನಗೇ ನನ್ನ ಮೇಲೆ ಅನುಮಾನ. ಕೆಲಸ ಹೋಗುವ ಹೆದರಿಕೆಗೆ ಯಾರಾದರೊಬ್ಬರು ಬೇಕು ಎನಿಸುತ್ತಿದೆಯೋ, ಅಥವಾ ಅವನೇ ಬೇಕೋ? ಕನ್ನಡಿ ಮುಂದೆ ನಿಂತು ಒಮ್ಮೆ ನಕ್ಕು ನೋಡಿದೆ. ಅದೇ ಹತ್ತು ಅಂಕದ ನಗು. ನೋಡಿ ಮೈಯೆಲ್ಲ ಉರಿಯಿತು.

ಅಲ್ಲಿಂದ ಕೊನೆಯ ದಿನದವರೆಗೂ ಅವನು ಈ ಕಡೆ ತಲೆ ಹಾಕಲಿಲ್ಲ. ಜನ ಮುಗಿಬಿದ್ದು ಕೊಂಡರು. ಅಂಗಿ ಮುಗಿದ ಮೇಲೆ ಹ್ಯಾಂಗರುಗಳೂ ಹೋದವು, ಕಪಾಟುಗಳೂ ಹೋದವು. ಕೊನೆಯ ದಿನ ಮಧ್ಯಾಹ್ನ ಮ್ಯಾನೇಜರ್ ಎಲ್ಲರ ಕೈ ಕುಲುಕಿ, ನನ್ನ ಹತ್ತಿರ ಬಂದಾಗ ಕಣ್ಣೊರೆಸಿಕೊಂಡು ಷಟರ್ ಎಳೆದರು.

"ಹೋಗಿ ಹೇಳೇ," ಎಂದಳು ಬಿಲ್ಲಿಂಗ್ ಅಕ್ಕ ಬಸ್ ಸ್ಟಾಪಿನಲ್ಲಿ.

"ನಂಬದಿದ್ರೆ?"

"ನಂಬದಿದ್ರೆ ಮಾಡಿದ್ದು ಅನುಭವಿಸು. ಹೇಳದೆ ಕೂತ್ರೆ ಆಗ್ಲೂ ಅನುಭವಿಸ್ತೀಯ."

ಮರುದಿನ ಬೆಳಿಗ್ಗೆ ಹಿಂದಿನ ಬೀದಿಗೆ ಹೋದೆ. ಹತ್ತು ಅಡಿಯ ಅಂಗಡಿ. ಗೋಡೆಯುದ್ದಕ್ಕೂ ತಟ್ಟೆ ಬಿಚ್ಚಿದ ತಕ್ಕಡಿಗಳು. ಅವನು ತಲೆ ತಗ್ಗಿಸಿ ಯಾವುದೋ ಸಣ್ಣ ಸ್ಕ್ರೂ ಬಿಗಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಒಳಗೆ ಬನ್ನಿ ಎನ್ನಲಿಲ್ಲ.

"ಏನು ಬಂದ್ರಿ? ಉಳಿದಿದ್ದನ್ನ ಮಾರೋಕಾ?"

"ಅಂಗಡಿ ನಿನ್ನೆ ಮುಚ್ಚಿತು. ಮಾರೋಕೆ ನನ್ನ ಹತ್ರ ಏನೂ ಇಲ್ಲ. ಅದಕ್ಕೇ ಬಂದೆ."

ಅವನು ನನ್ನ ಮುಖವನ್ನೇ ನೋಡಿದ. ಯಾವ ಬಿಲ್ಲನ್ನೂ ಅಷ್ಟು ಹೊತ್ತು ಓದಿರಲಿಲ್ಲ.

"ಇವತ್ತು ನಗ್ತಿಲ್ಲ," ಎಂದ.

"ಬರ್ತಿಲ್ಲ. ಹೋಗು ಅಂದ್ರೆ ಹೋಗ್ತೀನಿ. ಆದ್ರೆ ಬೈದೇ ಹೋಗೋದು, ನನ್ನ ಸ್ವಭಾವ ಅದು."

"ಎಲ್ಲಾ ಅಂಕಕ್ಕೇ ಅಂದ್ರಲ್ಲ."

"ಶುರುವಾಗಿದ್ದು ಅಂಕಕ್ಕೇ."

"ಮತ್ತೆ ಯಾವಾಗಿಂದ ನನಗೆ?"

ಇಡೀ ರಾತ್ರಿ ನಾನೂ ಅದನ್ನೇ ಹುಡುಕಿದ್ದೆ. ಒಂದು ಒಳ್ಳೆಯ ಉತ್ತರ ಸಿಕ್ಕಿದ್ದರೆ ಹಿಡಿದುಕೊಂಡು ಬರುತ್ತಿದ್ದೆ.

"ಗೊತ್ತಿಲ್ಲ ರೀ. ಯಾವತ್ತು ಅಂಕಕ್ಕೆ ನಕ್ಕೆ, ಯಾವತ್ತು ನಿಮಗೆ ನಕ್ಕೆ ಅಂತ ಎಷ್ಟು ಯೋಚಿಸಿದ್ರೂ ಬೇರೆ ಮಾಡೋಕೆ ಆಗ್ತಿಲ್ಲ. ಈಗ ನೀವು ಬೇಕು. ಅಷ್ಟೇ ಗೊತ್ತಿರೋದು."

ಮುಗಿಯಿತು ಕಥೆ ಎಂದುಕೊಂಡು ಮೆಟ್ಟಿಲ ಕಡೆ ತಿರುಗಿದೆ.

"ಸುಳ್ಳು ಹೇಳೋಕೇ ಬಂದಿದ್ರೆ," ಎಂದ ಅವನು ಹಿಂದಿನಿಂದ, "ಒಂದು ತಾರೀಖು ಹೇಳಿರ್ತಿದ್ರಿ."

ತಿರುಗಿ ನೋಡಿದೆ. ಅವನು ಸ್ಟೂಲಿನ ಮೇಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಕೆಳಗಿಡುತ್ತಿದ್ದ. ಎಲ್ಲ ಇಟ್ಟಾದ ಮೇಲೆ ಸ್ಟೂಲನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು, ನಾನು ಒಳಗೆ ಬರಲೆಂದು ಕಾದ.