ಮಣಿಕಟ್ಟಿನ ಹಳದಿ ವೈರು

ಮುಂದೆ ನಡೆಯುತ್ತಿದ್ದ ಕೆಂದ ಹಸು ನೆಲ ಮೂಸಿ ನಿಂತುಬಿಟ್ಟಿತು. ಹಿಂದಿನ ದನಗಳೂ ನಿಂತವು. ವೀರನಹೊಸಹಳ್ಳಿಯ ಕಾಡಂಚಿನ ಆ ದಾರಿಯಲ್ಲಿ ದಿನಾ ಸಂಜೆ ದನ ಹೊಡೆದುಕೊಂಡು ಬರುವ ಹುಚ್ಚಯ್ಯ ಬೈಯುತ್ತ ಮುಂದೆ ಬಂದ. ಬಂದವನ ಕೈಯಿಂದ ಕೋಲು ಜಾರಿತು.

ಲಂಟಾನ ಪೊದೆಯ ಪಕ್ಕ, ದಾರಿಗೆ ಅಡ್ಡಲಾಗಿ ಒಬ್ಬ ಗಂಡಸು ಬಿದ್ದಿದ್ದ. ಮುಖವೆಲ್ಲ ಸುಟ್ಟು ಕರಿಯಾಗಿತ್ತು. ಬಲಗೈ ಮಣಿಕಟ್ಟಿನಿಂದಾಚೆಗೆ ಇರಲೇ ಇಲ್ಲ; ಮೊಂಡುಗೈಗೆ ರಕ್ತದಲ್ಲಿ ತೊಯ್ದ ಟವಲು ಸುತ್ತಿತ್ತು. ಪಕ್ಕದಲ್ಲಿ ಸೆಣಬಿನ ದಾರ ಸುತ್ತಿದ ಒಂದು ಉಂಡೆ—ಕಾಡುಹಂದಿಗೆ ಇಡುವ ಸಿಡಿಮದ್ದು.

ಉಸಿರು? ಇತ್ತು.

ಬಿದ್ದಿದ್ದವನು ಮಾದೇಶ್. ಕಾಂತರಾಜು ಎಂಬುವರ ಕಲ್ಲು ಕ್ವಾರಿಯ ಕೂಲಿ. ಅವನಿಗೆ ಎಚ್ಚರ ಬರುವ ಮೊದಲೇ ಊರೆಲ್ಲ ಕಥೆ ಕಟ್ಟಿ ಮುಗಿಸಿತ್ತು: ಹಂದಿ ಹೊಡೆಯಲು ಮದ್ದು ಇಡಲು ಹೋಗಿದ್ದಾನೆ, ಅದು ಕೈಯಲ್ಲೇ ಸಿಡಿದಿದೆ. "ಅವತ್ತು ಅವನು ಕೆಲಸಕ್ಕೇ ಬಂದಿರಲಿಲ್ಲ" ಎಂದು ಕಾಂತರಾಜು ಹೇಳಿಕೆ ಕೊಟ್ಟರು. ಮಾದೇಶ್ ಮೇಲೆ ಬೇಟೆಯ ಕೇಸು ಬಿತ್ತು.

"ಮೇಡಂ, ಕೈ ಹೋದೋನ್ಗೆ ಕೋಳ ಹಾಕ್ತಾರಂತೆ. ಯಾವ ಕೈಗೆ ಹಾಕ್ತಾರೆ ಅಂತ ಒಸಿ ಕೇಳಿ ಯೋಳಿ."

ಹುಣಸೂರು ಕೋರ್ಟಿನ ಆವರಣದ ಕಾನೂನು ನೆರವಿನ ಕೊಠಡಿಗೆ ಬಂದು ಹಾಗೆಂದವಳು ಮಾದೇಶನ ಹೆಂಡತಿ ರಮ್ಯಶ್ರೀ. ಅಳಲಿಲ್ಲ. ಮೇಜಿನ ಆಚೆ ಕೂತಿದ್ದ ವಕೀಲೆ ಸುಕನ್ಯ ಕಡತ ತೆರೆದಳು. ಹಗಲು ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವಳು ಅವಳು. ಸ್ಕೂಟರಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಹಿಂದಿರುಗಿ ನೋಡುವ ಜಾತಿ. ಈ ಕೇಸು ತನ್ನಿಂದ ಆದೀತೇ ಎಂಬ ಅನುಮಾನ ಆಗಲೇ ಹುಟ್ಟಿತ್ತು.

"ಅವತ್ತು ಬೆಳಿಗ್ಗೆ ಎಲ್ಲಿಗೆ ಹೋದರು?"

"ಕ್ವಾರಿಗೆ. ಬುತ್ತಿ ನಾನೇ ಕಟ್ಟಿಕೊಟ್ಟಿವ್ನಿ."

"ಅವರು ಏನು ಹೇಳ್ತಾರೆ?"

"ಅವ್ರಿಗೆ ಮನೆ ಬಿಟ್ಟಿದ್ದು ಗ್ಯಾಪಕ, ಆಮೇಲಿಂದು ಇಲ್ಲ. ಕಣ್ಣು ಎರಡೂ ಓಗವೆ. ಕಿವೀಲಿ ಕೂಗಿದ್ರೆ ಒಸಿ ಕೇಳ್ತದೆ."

ಕ್ವಾರಿಯಲ್ಲಿ ಆದ ಅಪಘಾತವಾದರೆ ಚಿಕಿತ್ಸೆ, ಪರಿಹಾರ ಎಲ್ಲ ಮಾಲೀಕನ ಮೇಲೆ ಬರುತ್ತದೆ. ಕಾಡಿನಲ್ಲಿ ಆದದ್ದಾದರೆ ಮಾದೇಶನಿಗೆ ಸಿಗುವುದು ಜೈಲು. ನಡುವೆ ಇರುವುದು ಒಂದೇ ಮಾತು—ಅವತ್ತು ಅವನು ಕೆಲಸಕ್ಕೆ ಬಂದಿದ್ದನೇ, ಇಲ್ಲವೇ? ಆ ಮಾತನ್ನು ಹೇಳಬಲ್ಲವರು ಬಾಯಿ ಬಿಡುತ್ತಿರಲಿಲ್ಲ.

ಮೈಸೂರಿನ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಮಾದೇಶನ ಮಂಚದ ಕಾಲ ಬಳಿ ಅರಣ್ಯ ಇಲಾಖೆಯ ಖಾಕಿ ಅಂಗಿಯ ಕಾವಲುಗಾರ ಕೂತಿದ್ದ. ಹೆಸರು ಕುಳ್ಳಯ್ಯ.

"ಇವರು ಓಡಿಹೋಗ್ತಾರೆ ಅಂತಾನಾ?" ಸುಕನ್ಯಳಿಗೆ ಮೈ ಉರಿಯಿತು. "ಬಾಗಿಲು ಯಾವ ಕಡೆ ಇದೆ ಅಂತ ಕೂಡ ಗೊತ್ತಿಲ್ಲದವರು?"

"ನಂದೇನೈತೆ ಮೇಡಂ? ಕೂತ್ಕೋ ಅಂದ್ರು, ಕೂತಿವ್ನಿ." ಕುಳ್ಳಯ್ಯ ತಲೆ ತಗ್ಗಿಸಿದ.

ರಮ್ಯಶ್ರೀ ಮಂಚದ ಕೆಳಗಿಂದ ಒಂದು ಗಂಟು ಎಳೆದಳು. ಅವತ್ತು ಮೈಮೇಲಿದ್ದ ಬಟ್ಟೆ. "ತೊಳದ್ರೂ ಓಗಾಕಿಲ್ಲ, ಬಿಸಾಕಕೂ ಮನ್ಸು ಬರಾಕಿಲ್ಲ."

ಅಂಗಿ. ಪಂಚೆ. ರಕ್ತದಲ್ಲಿ ಒಣಗಿ ರಟ್ಟಿನಂತಾದ ಒಂದು ಟವಲು. ಟವಲಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ತೆಳ್ಳನೆಯ ಹಳದಿ ವೈರು. ವೈರಿನ ಉಂಗುರವನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದರು. ಇನ್ನೊಂದು ಮಗ್ಗುಲಲ್ಲಿ ಎರಡು ತುದಿಗಳನ್ನು ಸೇರಿಸಿ ತಿರುಚಿ, ಮಡಚಿ ಒತ್ತಿದ ಹುರಿ ಹಾಗೇ ಇತ್ತು.

"ಇದು ಎಲ್ಲಿತ್ತು?"

"ಕೈ ಮೇಲೆ," ಎಂದರು ಅಲ್ಲಿಗೆ ಬಂದ ನರ್ಸು. "ಟವಲು ಸುತ್ತಿ, ಮೇಲೆ ವೈರು ಬಿಗಿದಿದ್ರು. ಅದಿಲ್ಲದಿದ್ರೆ ರಕ್ತ ಹೋಗೇ ಸಾಯ್ತಿದ್ರು. ನಾನೇ ಕತ್ತರಿಸಿ ತೆಗೆದೆ."

"ಕಟ್ಟಿದ್ದು ಯಾರು?"

"ಆಂಬುಲೆನ್ಸಿನವರು ಇರಬೇಕು."

ಆಂಬುಲೆನ್ಸಿನವನಿಗೆ ಫೋನು ಮಾಡಿದರೆ, "ನಾವಲ್ಲ ಮೇಡಂ, ಆ ದನ ಕಾಯೋ ಮುದುಕ ಕಟ್ಟಿದ್ದ" ಎಂದ.

ಮರುದಿನ ಸುಕನ್ಯ ಹುಚ್ಚಯ್ಯನ ಜಗಲಿಯ ಮೇಲಿದ್ದಳು.

"ನಾನಾ? ನಾನು ಮುಟ್ಟಿದ್ರೆ ಕೇಳವ್ವ! ಬಾಯಿಗೆ ಒಂದು ತೊಟ್ಟು ನೀರು ಬುಟ್ಟೆ, ಕೂಕ್ಕೊಂಡು ಓಡ್ದೆ. ಕೈ ಆಗ್ಲೇ ಕಟ್ಟಿತ್ತು ಕಣವ್ವ. ಅವನೇ ಕಟ್ಕೊಂಡಿರಬೈದು ಅಂದ್ಕಂಡೆ."

ಸುಕನ್ಯ ವಾಪಸು ಬರುವಾಗ ಸ್ಕೂಟರ್ ನಿಲ್ಲಿಸಿ ದಾರಿಬದಿಯಲ್ಲಿ ಕೂತಳು. ಅವನೇ ಕಟ್ಟಿಕೊಂಡನೇ? ಕಣ್ಣು ಕಳೆದುಕೊಂಡವನು, ಒಂದೇ ಕೈಯಲ್ಲಿ, ಇನ್ನೊಂದು ಕೈಗೆ? ಅಷ್ಟು ಬಿಗಿಯಾಗಿ? ನರ್ಸು ಆಂಬುಲೆನ್ಸಿನವನೆಂದುಕೊಂಡರು. ಆಂಬುಲೆನ್ಸಿನವನು ಮುದುಕನೆಂದುಕೊಂಡ. ಮುದುಕ ಮಾದೇಶನೇ ಎಂದುಕೊಂಡ. ಎಲ್ಲರ ಕಣ್ಣೆದುರಿಗೂ ಇದ್ದ ಕಟ್ಟಿನ ಬಗ್ಗೆ ಯಾರೂ ಯಾರನ್ನೂ ಕೇಳಿರಲಿಲ್ಲ.

ಹಾಗಾದರೆ ಅವನ ಜೊತೆ ಇನ್ನೊಬ್ಬರಿದ್ದರು. ಯಾರು?

ಕ್ವಾರಿಗೆ ಹೋದಾಗ ಕಾಂತರಾಜು ತಮ್ಮ ಜೀಪಿನ ನೆರಳಿಗೆ ಕುರ್ಚಿ ತರಿಸಿ ಕೂರಿಸಿದರು. ಮೃದು ಮಾತು.

"ನೋಡೀಮ್ಮ, ಅವ್ನು ಬರ್ಲಿಲ್ಲ, ಬರ್ಲಿಲ್ಲ. ಯಾರನ್ನಾದ್ರೂ ಕೇಳಿ. ಆದ್ರೂ ನಮ್ಮ ಕೂಲಿಯೋನು ಅಂತ ವಾರ ವಾರ ಆಸ್ಪತ್ರೆಗೆ ಹಣ್ಣು ಕಳುಸ್ತಾ ಇವ್ನಿ. ಕಳ್ಳಬೇಟೆಗೆ ಹೋದೋನ್ಗೆ ಯಾರು ಕಳುಸ್ತಾರೆ ಯೋಳಿ?"

ಸುತ್ತಲಿದ್ದ ಕೂಲಿಗಳು ನೆಲ ನೋಡುತ್ತಿದ್ದರು. ಸುಕನ್ಯ ಎದ್ದಳು. ಬಂಡೆಯ ಮಗ್ಗುಲಲ್ಲಿ ಒಬ್ಬ ಒಂಟಿಯಾಗಿ ಗೋಣಿತಾಟಿನ ಮೇಲೆ ಸಿಡಿಕೇಪುಗಳನ್ನು ಹರಡಿಕೊಂಡಿದ್ದ. ಬಂಡೆಗೆ ತುಂಬಿದ ಮದ್ದನ್ನು ಹೊತ್ತಿಸುವ ಬೆರಳುದ್ದದ ಕೊಳವೆಗಳು. ಒಂದೊಂದರ ಬಾಲಕ್ಕೂ ಹಳದಿ ವೈರು! ಆದರೆ ಅದೇ ವೈರು ಕೂಲಿಗಳ ಬುತ್ತಿಚೀಲಕ್ಕೆ ಹಿಡಿಕೆಯಾಗಿತ್ತು, ಶೆಡ್ಡಿನ ಮುಂದೆ ಬಟ್ಟೆ ಒಣಹಾಕುವ ಹಗ್ಗವಾಗಿತ್ತು. ಸಿಡಿದ ಮೇಲೆ ಉಳಿದ ವೈರನ್ನು ಸುತ್ತಲಿನ ಮನೆಮನೆಯವರೂ ಒಯ್ಯುತ್ತಿದ್ದರು. ವೈರೊಂದರಿಂದ ಏನೂ ಸಾಬೀತಾಗದು.

"ಮುಟ್ಬೇಡಿ ಕಣಮ್ಮ." ಗೋಣಿತಾಟಿನ ಮುಂದಿದ್ದವನು ಮದ್ದಿನ ಮೇಸ್ತ್ರಿ ನಂಜಣ್ಣ. ಅವನ ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಇರಲಿಲ್ಲ.

"ಈ ತುದಿಗಳನ್ನ ಯಾಕೆ ಹೀಗೆ ಒಂದಕ್ಕೊಂದು ತಿರುಚಿದೀರಿ?"

"ಬುಟ್ರೆ ಎಲ್ಲಿಂದಾನ ಕರೆಂಟು ತಾಗಿ ಸಿಡೀತದೆ. ತಿರುಚಿ, ತುದಿ ಮಡಚಿ ಒಳಕ್ಕೆ ಒತ್ಬೇಕು. ಕೇಪು ಮುಟ್ಟೋನು ಇಂಗೆ ಮಾಡ್ಲೇಬೇಕು."

"ಬೇರೆಯವರು ಮುಟ್ಟಲ್ವಾ?"

"ಇಲ್ಲಿ ನಾನೊಬ್ಬನೇ."

ಸುಕನ್ಯ ಮನೆಗೆ ಬಂದು ಹಾಲಿನ ಕವರಿಗೆ ವೈರು ಬಿಗಿದು ನೋಡಿದಳು. ಬಿಚ್ಚಿದಳು, ಮತ್ತೆ ಬಿಗಿದಳು. ಎಷ್ಟು ಸಲ ಮಾಡಿದರೂ ಹುರಿ ಟವಲಿನಲ್ಲಿ ಸಿಕ್ಕ ವೈರಿನಂತೆ ಬರಲಿಲ್ಲ. ತಾನೇ ಎಲ್ಲೋ ತಪ್ಪುತ್ತಿದ್ದೇನೆ ಎಂದುಕೊಂಡಳು. ಕೊನೆಗೆ ಎಡಗೈಯಲ್ಲಿ ತಿರುಚಿದಳು. ಹುರಿ ಥೇಟ್ ಅದರಂತೆಯೇ ಬಂತು.

ಹಣ್ಣು ಬರುವ ದಿನ ಅವಳು ವಾರ್ಡಿನಲ್ಲಿ ಕಾದಿದ್ದಳು. ಬಾಯಿಗೆ ಹಳದಿ ವೈರು ಬಿಗಿದ ಹಣ್ಣಿನ ಕವರು ಹಿಡಿದು ನಂಜಣ್ಣ ಬಂದ.

"ಸಾವ್ಕಾರ್ರು ಕಳುಸವ್ರೆ, ತಂಗೀ," ಎಂದು ರಮ್ಯಶ್ರೀಯ ಕೈಗೆ ಕೊಟ್ಟ.

"ನಂಜಣ್ಣ, ಕವರ್ ಬಾಯಿ ಕಟ್ಟಿದ್ದು ಯಾರು?" ಸುಕನ್ಯ ಕೇಳಿದಳು.

"ನಾನೇಯ. ಯಾಕಮ್ಮ?"

ಅವಳು ಟವಲಿನ ವೈರನ್ನು ತೆಗೆದು ಕವರಿನ ವೈರಿನ ಪಕ್ಕ ಇಟ್ಟಳು.

"ಕುಳ್ಳಯ್ಯನವರೇ, ನೀವೂ ಬಂದು ನೋಡಿ. ಮಾದೇಶ್ ಸಿಕ್ಕಿದಾಗ ಕೈಗೆ ಈ ಕಟ್ಟು ಇತ್ತು. ಒಂದೇ ಕೈಯಲ್ಲಿ ಇದನ್ನ ಕಟ್ಟಿಕೊಳ್ಳೋಕೆ ಆಗಲ್ಲ. ಬೇಟೆಗೆ ಹೋದವರು ಗಂಟು ಹಾಕ್ತಾರೆ. ಇಲ್ಲಿ ಗಂಟಿಲ್ಲ. ತುದಿ ಸೇರಿಸಿ ತಿರುಚಿ, ಮಡಚಿ, ಒಳಕ್ಕೆ ಒತ್ತಿದೆ. ಅದು ಕೇಪು ಮುಟ್ಟೋರ ಅಭ್ಯಾಸ. ಜೀವ ಹೋಗೋ ಗಡಿಬಿಡಿಯಲ್ಲೂ ಬೆರಳು ತಾನಾಗೇ ಹಂಗೆ ಮಾಡಿದೆ. ಆದರೆ ನಾನು ತಿರುಚಿದರೆ ಹುರಿ ಬಲಕ್ಕೆ ಬರುತ್ತೆ, ಇದು ಎಡಕ್ಕೆ ಬಂದಿದೆ. ಎಡಗೈಯಲ್ಲಿ ತಿರುಚಿದ್ದು. ಕವರಿನದ್ದೂ ಹಂಗೇ ಇದೆ."

ನಂಜಣ್ಣ ತನ್ನ ಬಲಗೈಯನ್ನು ಪಂಚೆಯ ಮರೆಗೆ ಸರಿಸಿದ.

"ಮಾದೇಶನ್ನ ಕಾಡಂಚಿಗೆ ಸಾಗಿಸಿದೋರು ನೀವು, ನಂಜಣ್ಣ. ಆದರೆ ನಿಮ್ಮ ಹತ್ರ ಜೀಪಿಲ್ಲ. ಅವನು ಕೆಲಸಕ್ಕೆ ಬರಲಿಲ್ಲ ಅಂತ ಮೊದಲು ಹೇಳಿದ್ದೂ ನೀವಲ್ಲ."

ರಮ್ಯಶ್ರೀ ಕವರನ್ನು ನೆಲಕ್ಕೆ ಕುಕ್ಕಿದಳು. "ಅಣ್ಣಾ? ತಂಗಿ ತಂಗಿ ಅಂತ ಅಣ್ಣು ತಿನ್ನಿಸ್ತಿದ್ದಲ್ಲೋ!"

ನಂಜಣ್ಣ ಕುಸಿದು ಕೂತ.

"ಮುಂಚಿನ ದಿನ ಮದ್ದು ತುಂಬಿದ್ದ ಒಂದು ಕುಳಿ ಸಿಡೀದೆ ಉಳ್ದಿತ್ತು. ಅದನ್ನ ಮುಟ್ಬಾರ್ದು ಅಂದೆ. 'ಲೋಡು ಓಗ್ಬೇಕು, ಪಕ್ಕದಾಗೆ ಕೊರೀರ್ಲಾ' ಅಂದ್ರು ಕಾಂತರಾಜಣ್ಣ. ಮಾದೇಶ ಕೊರೆದ... ಆಸ್ಪತ್ರೆಗೆ ಅಂದ್ರೆ, 'ಕ್ವಾರಿ ಮುಚ್ತಾರೆ, ಎಲ್ರ ಒಟ್ಟೆ ಮೇಲೂ ಕಲ್ಲು. ಇವ್ನು ಎಂಗೂ ಸತ್ತ, ಕಾಡಾಗೆ ಆಕು' ಅಂದ್ರು. ಅಂದಿ ಮದ್ದು ಅವ್ರೇ ತಂದು ಪಕ್ಕಕ್ಕಿಟ್ರು. ಜೀಪಲ್ಲಿ ಓಗೋವಾಗ ಉಸ್ರು ಕಾಣ್ತು. ಕಟ್ಟಿದೆ. ಅದಕ್ಕೇ ಕಾಡೊಳಕ್ಕೆ ಆಕ್ಲಿಲ್ಲ, ಉಚ್ಚಯ್ಯನ ದನ ಬರೋ ದಾರೀಗೇ ಅಡ್ಡ ಮಲಗಿಸ್ದೆ."

"ಉಸಿರು ಕಂಡ ಮೇಲೂ ಜೀಪು ಆಸ್ಪತ್ರೆ ಕಡೆ ತಿರುಗಲಿಲ್ಲ!" ಸುಕನ್ಯಳ ಧ್ವನಿ ವಾರ್ಡಿಗೆಲ್ಲ ಕೇಳಿಸಿತು. "ಕೈ, ಕಣ್ಣು ಹೋದವನನ್ನ ಕಳ್ಳನನ್ನಾಗಿ ಮಾಡಿದ್ರಲ್ಲ! ವಾರ ವಾರ ಬಂದು ಅವನ ಮುಖ ನೋಡಿದ್ರಲ್ಲ!"

ನಂಜಣ್ಣ ಬಲಗೈಯನ್ನು ಎತ್ತಿ ತೋರಿಸಿದ. "ಇದು ಓದಾಗ ಯಾರು ಬಂದ್ರಮ್ಮ? ಕೈ ತೊಳ್ಕೊಂಡು ಮಾರನೇ ವಾರ ಕೆಲ್ಸಕ್ಕೋದೆ. ಕಾನೂನು ಅಂತ ಒಂದೈತೆ ಅಂತ ಯಾರು ಯೋಳಿದ್ರು?"

ಸುಕನ್ಯ ಆ ಕೈಯನ್ನು ನೋಡಿದಳು. ಕೋಪ ಮಾತ್ರ ಇಳಿಯಲಿಲ್ಲ. ಅದು ಈಗ ಈ ಮನುಷ್ಯನನ್ನು ದಾಟಿ ಆ ಕ್ವಾರಿಯ ಕುರ್ಚಿಯ ಕಡೆಗೆ ಹೊರಟಿತ್ತು.

"ಯಾರೂ ಬರಲಿಲ್ಲ. ಅದು ತಪ್ಪೇ. ಇದನ್ನ ನ್ಯಾಯಾಧೀಶರ ಮುಂದೆ ಹೇಳ್ತೀರಾ? ಹೇಳಿದರೆ ನಿಮ್ಮ ಮೇಲೂ ಕೇಸು ಬರಬಹುದು. ಬರಲ್ಲ ಅಂತ ಸುಳ್ಳು ಹೇಳಲ್ಲ ನಾನು."

ನಂಜಣ್ಣ ಕೈ ಇಳಿಸಿ ಮಂಚದ ಅಂಚಿಗೆ ಊರಿದ. ಬಾಗಿಲ ಕಡೆ ಒಮ್ಮೆ ನೋಡಿದ. ಎದ್ದು ಹೋಗಿಬಿಡುತ್ತಾನೆ ಎಂದುಕೊಂಡಳು ಸುಕನ್ಯ.

ಮಂಚದ ಮೇಲೆ ಮಾದೇಶ್ ಮಿಸುಕಿದ. "ಯಾರು ಬಂದವ್ರೆ, ರಮ್ಯಾ?"

ರಮ್ಯಶ್ರೀ ಮುಖ ತಿರುಗಿಸಿದಳು. ಮಾದೇಶ್ ಎಡಗೈ ಚಾಚಿ ತಡಕಾಡಿದ. ಅದು ನಂಜಣ್ಣನ ಬೆರಳಿಲ್ಲದ ಕೈಗೆ ತಾಗಿ ಅಲ್ಲೇ ನಿಂತಿತು. ಆ ಕೈಯ ಗುರುತು ಹತ್ತಲು ಕಣ್ಣು ಬೇಕಿರಲಿಲ್ಲ.

"ನಂಜಣ್ಣನಾ? ಅಣ್ಣ, ನಿಂಗೆ ಗೊತ್ತಿರ್ತದೆ. ಎಲ್ಲರೂ ಅಂಗಂತವ್ರೆ, ನಂಗೆ ಗ್ಯಾಪಕ ಇಲ್ಲ. ನಾನು ಅವತ್ತು ಕೆಲ್ಸಕ್ಕೆ ಬಂದಿದ್ನಾ?"

ನಂಜಣ್ಣ ಬಗ್ಗಿದ. ಕೇಳಿಸದ ಆ ಕಿವಿಗೆ ಕೇಳಿಸುವ ಹಾಗೆ, ವಾರ್ಡಿನ ಕೊನೆಯ ಮಂಚದವರೂ ತಲೆ ಎತ್ತುವ ಹಾಗೆ ಕೂಗಿದ:

"ಬಂದಿದ್ದೆ ಕಣ್ಲಾ ಮಾದೇಶ! ಎಲ್ಲರಿಗಿಂತ ಮುಂಚೆ ಬಂದಿದ್ದೆ!"

ಸುಕನ್ಯ ಕಾವಲುಗಾರನ ಕಡೆ ತಿರುಗಿದಳು. "ಕೇಳಿಸ್ತಾ?"

ಕುಳ್ಳಯ್ಯ ಆಗಲೇ ಎದ್ದು ನಿಂತಿದ್ದ. ಮಂಚದ ಕಾಲ ಬಳಿಯ ತನ್ನ ಕುರ್ಚಿಯನ್ನು ಎತ್ತಿ ಗೋಡೆಯ ಕಡೆಗೆ ಸರಿಸಿದ.

"ಕೇಳಿಸ್ತು ಮೇಡಂ. ಎಲ್ಲಿ ಬೇಕಾದ್ರೂ ಬಂದು ಯೋಳ್ತೀನಿ."