ಲೈಟ್ ಡ್ಯೂಟಿಯ ಕಂಡಕ್ಟರು

ಆ ಮಂಗಳವಾರ ನಾನು ಆಫೀಸಿನ ಕಿಟಕಿಯಾಚೆ ನೋಡದೇ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಅವತ್ತು ಸಂಜೆಯವರೆಗೆ ನೂರು ಸಲ ಅಂದುಕೊಂಡೆ.

ಹರಪನಹಳ್ಳಿ ಸ್ಟ್ಯಾಂಡಿನಿಂದ ಚಿಗಟೇರಿ ಬಸ್ಸು ಹೊರಟಿತ್ತು. ಒಬ್ಬ ಅಜ್ಜಿ ಮೆಕ್ಕೆಜೋಳದ ಚೀಲದ ಪಕ್ಕ ನಿಂತು, "ಅಯ್ಯೋ, ನಿಂದರ್ಸ್ರಪೋ!" ಅಂತ ಕೂಗುತ್ತಿದ್ದಳು. ಎಲ್ಲಿಂದಲೋ ಓಡಿ ಬಂದ ಕೊಟ್ರಸ್ವಾಮಿ ಬಸ್ಸಿನ ಮೈಗೆ ಕೈಯಿಂದ ಬಡಿದು ನಿಲ್ಲಿಸಿದ. ಚೀಲ ಹೆಗಲಿಗೇರಿಸಿ, ಹಿಂದಿನ ಏಣಿಯನ್ನು ಸರಸರ ಹತ್ತಿ ಟಾಪಿನ ಮೇಲಿಟ್ಟು, ಅಲ್ಲಿಂದ ದಡಕ್ಕನೆ ಹಾರಿದ.

ಎರಡು ನಿಮಿಷಕ್ಕೆ ಅದೇ ಮಹಾನುಭಾವ ಗೋಡೆ ಹಿಡಿದುಕೊಂಡು, ಎಡಗಾಲು ಎಳೆಯುತ್ತಾ ನಮ್ಮ ಆಫೀಸಿನೊಳಗೆ ಬಂದ.

ಕೊಟ್ರಸ್ವಾಮಿ ಕೂಡ್ಲಿಗಿ ರೂಟಿನ ಕಂಡಕ್ಟರು. ಮೂರು ತಿಂಗಳ ಹಿಂದೆ ಮಳೆಯಲ್ಲಿ ಅಂಥದೇ ಏಣಿಯಿಂದ ಜಾರಿ ಕಾಲು ಮುರಿದುಕೊಂಡಿದ್ದ. ಡ್ಯೂಟಿಯಲ್ಲಿ ಪೆಟ್ಟಾದವರ ಅರ್ಜಿ, ಡಾಕ್ಟರ ಚೀಟಿ, ಪರಿಹಾರ ಎಲ್ಲ ನೋಡಿಕೊಳ್ಳುವ ಡಿಪೋ ಗುಮಾಸ್ತೆ ನಾನು, ಗೀತಾಂಜಲಿ. ಪ್ಲಾಸ್ಟರ್ ಬಿಚ್ಚಿದ ಮೇಲೆ, ಪೂರ್ತಿ ಗುಣವಾಗುವ ತನಕ ಲೈಟ್ ಡ್ಯೂಟಿ ಅಂತ ಅವನನ್ನು ನನ್ನೆದುರಿನ ಕುರ್ಚಿಗೆ ಹಾಕಿದರು. ಅವತ್ತಿನಿಂದ ನನ್ನ ನೆಮ್ಮದಿ ಹಾಳು. ಫೈಲಿನಿಂದ ತಲೆಯೆತ್ತಿದರೆ ಅವನು ಆಗಲೇ ನನ್ನನ್ನು ನೋಡುತ್ತಿರುತ್ತಿದ್ದ. ಸಿಕ್ಕಿಬಿದ್ದ ಕೂಡಲೇ ಫ್ಯಾನಿನ ಕಡೆ ತಿರುಗುತ್ತಿದ್ದ. ಕೆಟ್ಟು ನಿಂತ ಫ್ಯಾನಿನಲ್ಲಿ ನೋಡುವಂಥದ್ದು ಏನಿರುತ್ತದೆ, ನೀವೇ ಹೇಳಿ!

"ನೋವು ಹೆಂಗೈತ್ರಿ?" ಅಂದೆ.

"ಏನ್ ಹೇಳ್ಲಿ ಮೇಡಂ, ನೆಲಕ್ಕ ಊರಾಕ ಆಗವಲ್ದು."

"ಹೌದೇನು? ಪಾಪ!"

ನಗುವೂ ಬಂತು, ಮೈಯೂ ಉರಿಯಿತು.

ಅವನ ಕಾಲು ಗುಣವಾಯಿತೋ ಇಲ್ಲವೋ ಅಂತ ನಾನು ಬರೆಯುವ ವರದಿ ಸಂಜೆ ಐದರ ಟಪಾಲಿಗೆ ಹೋಗಬೇಕಿತ್ತು. ಪರಿಹಾರದ ಖರ್ಚು ಏರುತ್ತಿದೆ, ಗುಣವಾದವರನ್ನು ಕೂಡಲೇ ರೂಟಿಗೆ ಕಳಿಸಿ ಅಂತ ಮೇಲಿನಿಂದ ಕಾಗದದ ಮೇಲೆ ಕಾಗದ. 'ಇನ್ನೂ ಗುಣವಾಗಿಲ್ಲ' ಅಂತ ಬರೆದರೆ ಇನ್ನೊಂದು ತಿಂಗಳು ಅವನು ನನ್ನ ಕಣ್ಣೆದುರು. ಆದರೆ ಆಮೇಲೆ ಕಾಲು ಪರೀಕ್ಷೆ ಮಾಡುವ ಡಾಕ್ಟರರ ಬೋರ್ಡಿನ ಮುಂದೆ ನಾಟಕ ಬಯಲಾದರೆ ಅವನ ನೌಕರಿಯೇ ಹೋಗುತ್ತದೆ. ನಾಳೆ ನಿಜವಾಗಿ ಬಿದ್ದವನ ಕಾಲನ್ನೂ ಯಾರೂ ನಂಬುವುದಿಲ್ಲ.

'ಗುಣವಾಗಿದೆ' ಅಂತ ಬರೆದರೋ? ಮತ್ತೆ ಅದೇ ಏಣಿ, ಅದೇ ಮಳೆ. ಬಿದ್ದವರ ಸುದ್ದಿ ಮೊದಲು ಬರುವುದು ನನ್ನ ಟೇಬಲ್ಲಿಗೆ. ಎಷ್ಟು ಜನರ ಮುರಿದ ಕೈ, ಎಷ್ಟು ಜನರ ಬೆನ್ನು ನಾನು ಬರೆದಿಲ್ಲ! ಅವನ ಹೆಸರನ್ನು ಇನ್ನೊಮ್ಮೆ ಹಾಗೆ ಬರೆಯುವ ಧೈರ್ಯ ನನಗಿರಲಿಲ್ಲ. ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಎದ್ದೆ.

"ಕುರ್ಚ್ಯಾಗ ಮುಳ್ಳು ಐತೇನ್ರಿ ಮೇಡಂ?"

"ಮುಳ್ಳು ನನ್ನ ಎದುರಿಗೇ ಕುಂತೈತಿ," ಅಂದುಬಿಟ್ಟೆ. "ಏಣಿ ಹತ್ತೋವಾಗ ಎಲ್ಲಿ ಹೋಗಿತ್ರಿ ನಿಮ್ಮ ನೋವು?"

ಅವನ ಮುಖ ಬಿಳಿಚಿಕೊಂಡಿತು. "ನೋಡಿದ್ರೇನು?"

"ಎರಡೂ ಕಣ್ಣಿಲೆ ನೋಡೀನಿ. ನಾಚಿಕಿ ಆಗಂಗಿಲ್ಲೇನ್ರಿ? ರೂಟಂದ್ರ ಅಷ್ಟು ಹೆದ್ರಿಕಿ ಇದ್ರ ಬಾಯಿಬಿಟ್ಟು ಹೇಳಬೇಕಿತ್ತು."

"ರೂಟಿನ ಹೆದ್ರಿಕಿ ಅಲ್ರಿ." ಅವನು ಈ ಸಲ ಫ್ಯಾನಿನ ಕಡೆ ತಿರುಗಲಿಲ್ಲ. "ಬೆಳಿಗ್ಗೆ ಐದಕ್ಕ ಬಸ್ ಹತ್ತಿದ್ರ ರಾತ್ರಿ ಹೊಸಹಳ್ಯಾಗ ಹಾಲ್ಟು. ನಿಮ್ಮನ್ನ ನೋಡಾಕ ನನಗ ಯಾವ ನೆಪ ಉಳಿತೈತಿ? ಕಾಲು ವಾಸಿ ಆಗಿ ಹದಿನೈದು ದಿನ ಆತು. ವಾಸಿ ಆಗೋದು ನನಗ ಬ್ಯಾಡಾಗೈತಿ."

ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ ಮಾತು ಇಂಥ ಸುಳ್ಳಿನ ಬೆನ್ನ ಮೇಲೆ ಕೂತು ಬರಬೇಕೇ! ಸಿಟ್ಟಿನಲ್ಲೇ ಫಾರಂ ಎಳೆದುಕೊಂಡು, 'ಗುಣವಾಗಿದೆ. ರೂಟಿಗೆ ಕಳಿಸಬಹುದು' ಅಂತ ಬರೆದು ಸಹಿ ಹಾಕಿದೆ.

ಅವನು ಎದುರಿನಿಂದಲೇ ಓದಿಕೊಂಡ. "ಆತು ಬಿಡ್ರಿ. ತಪ್ಪು ನಂದು," ಅಂತ ಎದ್ದು ಬಾಗಿಲ ಕಡೆ ನಡೆದ. ಒಂದಿಷ್ಟೂ ಕುಂಟದೆ ನಡೆದ. ಆ ನೆಟ್ಟಗಿನ ನಡಿಗೆ ನೋಡಿ ನಾನು ಕುರ್ಚಿ ಬಿಟ್ಟು ಎದ್ದೆ.

"ನಿಂದರ್ರಿ! ಫಾರಂ ಇನ್ನೂ ಮುಗದಿಲ್ಲ."

ಅವನು ವಾಪಸ್ ಬಂದ. ಕೆಳಗೊಂದು ಕಾಲಂ ಇತ್ತು: ಅವಘಡವಾದರೆ ಯಾರಿಗೆ ತಿಳಿಸಬೇಕು.

"ನಿಮ್ಮವ್ವಾರು ತೀರಿಕೊಂಡ ಮ್ಯಾಗ ಇದನ್ನ ಖಾಲಿ ಬಿಟ್ಟೀರಿ."

"ಯಾರದಾರ್ರಿ ನನಗ, ಬರಿಯಾಕ?"

ಅಲ್ಲಿ ದಪ್ಪ ಅಕ್ಷರದಲ್ಲಿ 'ಗೀತಾಂಜಲಿ' ಅಂತ ಬರೆದೆ.

"ಇನ್ನ ಮ್ಯಾಗ ನಿಮಗ ಸಣ್ಣ ಗಾಯ ಆದ್ರೂ ಮೊದಲು ನನಗ ತಿಳೀಬೇಕು," ಅಂದೆ. "ಗುಮಾಸ್ತೆ ಅಂತ ಅಲ್ರಿ ಮತ್ತ. ನೀವು ಬಸ್ ಹತ್ತಿದಾಗಿಂದ ಇಳಿಯೋತನಕ ನನ್ನ ಜೀವ ಕೈಯಾಗ ಇರ್ತೈತಿ. ಇರ್ಲಿ ಬಿಡ್ರಿ, ಅದೇ ನನಗ ಬೇಕು."

ಅವನು ಆ ಹೆಸರಿನ ಪಕ್ಕಕ್ಕೆ ಬೆರಳಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, "ಪಕ್ಕದಾಗ 'ಸಂಬಂಧ' ಅಂತ ಇನ್ನೊಂದು ಕಾಲಂ ಐತಲ್ರಿ?"

"ಅದನ್ನೂ ನಾನೇ ತುಂಬಬೇಕೇನು?"

ಅವನು ಟೇಬಲ್ಲಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, 'ಮದುವೆಯಾಗಲಿರುವ ಹುಡುಗಿ' ಅಂತ ಕಂಡೂ ಕಾಣದ ಹಾಗೆ ಬರೆದ. "ನೀವು ಒಲ್ಲೆ ಅಂದ್ರ ಅಳಿಸಾಕ ಬರ್ಲಿ ಅಂತ..."

ಪೆನ್ಸಿಲ್ ಕಿತ್ತುಕೊಂಡು ನನ್ನ ಪೆನ್ನನ್ನು ಅವನ ಬೆರಳಿಗೆ ಸಿಕ್ಕಿಸಿದೆ.

"ಡಿಪೋ ಫಾರಮ್ಮಿನಾಗ ಪೆನ್ಸಿಲ್ ನಡಿಯಂಗಿಲ್ರಿ," ಅಂದೆ. "ಲಗೂನ ಬರೀರಿ, ಟಪಾಲು ಹೊಂಟೈತಿ."