ಬಾಗಿಲ ಬಳೆ ಬಡಿದವರಾರು?

"ಯಾವರ್ ಅಣ್ಣಾ, ನನ್ನ ಮಾನ ಬೀದಿಪಾಲಾಯ್ತು!" ಎಂದು ಅಳುತ್ತ ತೂಬಾ ಬಂದಾಗ, ಛತ್ರದ ಅಂಗಳದಲ್ಲಿ ನಾನೂ ಹೆಶ್ಮತ್ ಖಾನರೂ ಚಹಾ ಕುಡಿಯುತ್ತಿದ್ದೆವು.

ಯಜ್ದ್ ಕಡೆಯ ಮರಳುಗಾಡಿನ ಊರುಗಳಲ್ಲಿ ಹಳೆಯ ಮನೆಗಳನ್ನು ಪ್ರವಾಸಿಗರಿಗೆ ತೋರಿಸುವುದು ನನ್ನ ಕಸುಬು. ನಿವೃತ್ತ ಪೊಲೀಸ್ ಅಧಿಕಾರಿ ಹೆಶ್ಮತ್ ಖಾನರು ಆ ಛತ್ರದ ಖಾಯಂ ನಿವಾಸಿ. ಊರವರ ಉಸಾಬರಿ ತನಗೇಕೆ ಎನ್ನುತ್ತಲೇ ಎಲ್ಲದಕ್ಕೂ ಮೂಗು ತೂರಿಸುವವರು.

ಕಣ್ಣು ಕಾಣದ ಬೀಬಿ ಗೌಹರರ ಮನೆಯನ್ನು ಗುಡಿಸಿ, ಬಂದವರಿಗೆ ತೋರಿಸಿ ತೂಬಾ ಹೊಟ್ಟೆ ಹೊರೆಯುತ್ತಿದ್ದಳು. ಹಿಂದಿನ ಮಧ್ಯಾಹ್ನ ಅಲ್ಲಿದ್ದ ಬೆಳ್ಳಿ ಚೌಕಟ್ಟಿನ ಮದುವೆ ಕನ್ನಡಿ ಕಳುವಾಗಿತ್ತು. ಬೀಬಿ ಹೊಸ್ತಿಲಲ್ಲಿ ನಿಂತು, ಇಡೀ ಬೀದಿಗೆ ಕೇಳುವಂತೆ ಅವಳನ್ನು ಕಳ್ಳಿ ಎಂದು ಕೂಗಿ, ಬೀಗದಕೈ ಕಿತ್ತುಕೊಂಡಿದ್ದರು.

ನಮ್ಮ ಕಡೆ ಹಳೆಯ ಬಾಗಿಲಲ್ಲಿ ಬಡಿಯಲು ಎರಡು ಕಬ್ಬಿಣ ನೇತುಬಿಟ್ಟಿರುತ್ತಾರೆ. ಗಂಡಸರಿಗೆ ದಪ್ಪ ಸಲಾಕೆ, ಹೆಂಗಸರಿಗೆ ತೆಳುವಾದ ಬಳೆ. ಸದ್ದು ಕೇಳಿಯೇ ಒಳಗಿನವರು ಬಂದವರಾರೆಂದು ತಿಳಿಯುತ್ತಾರೆ. ತೂಬಾಳೊಂದಿಗೆ ಬೀಬಿಯ ಮನೆಗೆ ಹೋಗಿ ನಾನು ಸಲಾಕೆ ಬಡಿದೆ. ಹೆಶ್ಮತ್ ಖಾನರು ಬಗ್ಗಿ ಅದರ ಮೊಳೆ ಮುಟ್ಟಿದರು.

"ಹೊಸ ಮೊಳೆ ಕಣಯ್ಯ. ಎಣ್ಣೆ ಇನ್ನೂ ಹಸಿ."

ಬೀಬಿಯದು ಒಂದೇ ಮಾತು. "ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಬಳೆ ಸದ್ದಾಯ್ತು. ‘ಬಾ ತಾಯಿ’ ಅಂದೆ, ಉತ್ತರ ಇಲ್ಲ. ಆ ಬಿಸಿಲಲ್ಲಿ ಇವಳಲ್ಲದೆ ಯಾವ ಹೆಂಗಸು ಬರ್ತಾಳೆ?"

ಪಕ್ಕದಲ್ಲಿ ಪಿಸ್ತಾ ಸುಲಿಯುತ್ತ ಕೂತಿದ್ದ ಅವರ ಅಣ್ಣನ ಮಗ ಫರ್ರುಖ್ ಬಾಯಿ ಹಾಕಿದ. "ನಾನೂ ಮಧ್ಯಾಹ್ನ ಬಂದಿದ್ದೆ. ರೊಟ್ಟಿಯವನು ನೋಡಿದಾನೆ, ಬಚ್ಚಿಡೋದೇನು? ಸಲಾಕೆ ಹಿಡಿದು ಬಾಗಿಲು ಮುರಿಯೋ ಹಾಗೆ ಬಡಿದೆ. ಅತ್ತೆಗೆ ನಿದ್ದೆ. ವಾಪಸ್ ಹೋದೆ."

"ಜೊಂಪು ಹತ್ತಿತ್ತೇನೋ," ಎಂದರು ಬೀಬಿ.

ಹೆಶ್ಮತ್ ಖಾನರು ಎದ್ದು ಕಮ್ಮಾರರ ಓಣಿಗೆ ಹೋದರು. ಸಂಜೆ ಬೀಬಿಯ ಮನೆಯಂಗಳದ ಕೊಳದ ಬಳಿ ಎಲ್ಲರನ್ನೂ ಕೂರಿಸಿದರು. ಜೊತೆಯಲ್ಲಿ ಕಮ್ಮಾರ ಸಫರ್ ಇದ್ದ.

"ಸಲಾಕೆ ಜೋತಾಡ್ತಿತ್ತು ಬೀಬಿ," ಎಂದ ಸಫರ್. "ಯಾರ ಕಾಲ ಮೇಲಾದರೂ ಬಿದ್ದೀತು ಅಂತ ನಿನ್ನೆ ಬೆಳಿಗ್ಗೆ ಬಿಚ್ಚಿಕೊಂಡು ಹೋದೆ. ಸಂಜೆ ತಂದು ಹಾಕಿದೆ. ನಿಮ್ಮನ್ನ ಕರೆದು ತೊಂದರೆ ಕೊಡೋದು ಬೇಡ ಅನ್ನಿಸ್ತು."

"ಅಂದರೆ ಮಧ್ಯಾಹ್ನ ಬಾಗಿಲಲ್ಲಿ ಇದ್ದದ್ದು ಬಳೆ ಮಾತ್ರ," ಎಂದರು ಹೆಶ್ಮತ್ ಖಾನರು. "ಗಂಡಸು ಬಂದರೂ ಅದನ್ನೇ ಬಡೀಬೇಕು. ಬಳೆ ಸದ್ದಾಯಿತು ಅಂತ ಹೆಂಗಸು ಅಂದುಕೊಂಡದ್ದೇ ತಪ್ಪು. ಇನ್ನು ಫರ್ರುಖ್, ಇಲ್ಲದ ಸಲಾಕೆ ಹೇಗಪ್ಪಾ ಬಡಿದೆ?"

"ಅದು... ಬೆಳಿಗ್ಗೆ ಇರಬಹುದು."

"ಮಧ್ಯಾಹ್ನ ಅಂದವನು ನೀನು. ರೊಟ್ಟಿಯವನೂ ಅದನ್ನೇ ಹೇಳ್ತಾನೆ. ‘ಬಾ ತಾಯಿ’ ಅಂತ ಒಳಗಿಂದ ಕೇಳಿದಾಗ ನಿನಗೆ ದಾರಿ ಹೊಳೀತು. ಬಾಯಿ ಮುಚ್ಚಿಕೊಂಡು, ಅಗುಳಿ ಹಾಕದ ಬಾಗಿಲು ತಳ್ಳಿ ಒಳಗೆ ಬಂದೆ. ಸಂಜೆ ಸಲಾಕೆ ಮತ್ತೆ ಬಾಗಿಲಲ್ಲಿ ಕಂಡಿತು. ಅದು ಹೋಗಿ ಬಂದದ್ದು ಯಾರಿಗೂ ಗೊತ್ತಿಲ್ಲ ಅಂದುಕೊಂಡೆ. ಬಳೆ ಬಡಿದೆ ಅಂತ ಒಪ್ಪಿಕೊಳ್ಳೋ ಗಂಡಸು ಈ ಊರಲ್ಲಿ ಇನ್ನೂ ಹುಟ್ಟಿಲ್ಲ ನೋಡು, ಸುಳ್ಳು ತಾನಾಗೇ ಬಂತು."

ಫರ್ರುಖ್ ತಲೆ ತಗ್ಗಿಸಿದ. ಕನ್ನಡಿ ಅವನ ಮೋಟಾರ್ ಬೈಕಿನ ಪೆಟ್ಟಿಗೆಯಲ್ಲೇ ಇತ್ತು.

ಬೀಬಿ ತೂಬಾಳ ಕಡೆ ಬೀಗದಕೈ ಚಾಚಿದರು. ಅವಳು ಮುಟ್ಟಲಿಲ್ಲ. "ಬೀದಿಯವರ ಮುಂದೆ ಕಳ್ಳಿ ಅಂದ್ರಿ. ಇಲ್ಲಿ ನಾಲ್ಕು ಗೋಡೆ ನಡುವೆ ಕೊಟ್ಟರೆ ನನಗೆ ಬೇಡ."

ಬೀಬಿ ಎದ್ದು ನಿಂತರು. ಆಮೇಲೆ ಚಾದರ ಎಳೆದುಕೊಂಡು, ನನ್ನ ತೋಳು ಹಿಡಿದು ಹೊಸ್ತಿಲು ದಾಟಿದರು. ಓಣಿಯ ಮೊದಲ ಬಾಗಿಲನ್ನು ತಡವಿ, ಸಿಕ್ಕಿದ ಬಳೆಯನ್ನು ಬಡಿದರು.

"ಗೌಹರ್ ಬಂದಿದ್ದೀನಿ, ಕೇಳಿ! ಕಳ್ಳ ನನ್ನ ಅಣ್ಣನ ಮಗ. ತೂಬಾ ಅಲ್ಲ!"

ಹಾಗೇ ಮುಂದಿನ ಬಾಗಿಲಿಗೆ ನಡೆದರು. ಓಣಿಯ ಕೊನೆಯ ಮನೆ ಮುಟ್ಟುವ ಮೊದಲೇ ನನ್ನ ಕೈ ಬಿಟ್ಟಿದ್ದರು. ತೂಬಾ ಅವರ ತೋಳು ಹಿಡಿದಿದ್ದಳು.